ಕಳಚಿದ ಚಕ್ರ – ಒಂಬತ್ತನೇ ಕಂತು: ತಾತನ ಕೈ

“ಜೋಡಿಸಿ,” ಎಂದಳು ಸಬ್ ಇನ್‌ಸ್ಪೆಕ್ಟರ್ ಕವನ.

ಮಲ್ಲಯ್ಯ ಲಾಕಪ್ಪಿನ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಅವನ ಮುಂದೆ ಹಾಸಿದ ಹಳೇ ಪೇಪರಿನ ಮೇಲೆ ಒಂದು ಸೈಕಲ್ ಚಕ್ರ, ಅದರ ನಡುವೆ ಸೇರಿಸಿದ ದಪ್ಪನೆಯ ಮೋಟಾರು, ಚಕ್ರ ಕೂರಿಸುವ ಒಂದು ಬಿಡಿ ಫೋರ್ಕು, ಎರಡು ನಟ್ಟು, ಎರಡು ವಾಷರು, ಮಡ್‌ಗಾರ್ಡಿನ ಕಡ್ಡಿ, ಒಂದು ಸ್ಪ್ಯಾನರ್. ಎಲ್ಲವೂ ಮದನನ ಶೆಡ್ಡಿನಿಂದ ತರಿಸಿದ ಸಾಮಾನು. ಕೊಲೆ ಯತ್ನದ ಆರೋಪಿಯ ಕೈಗೆ ಯಾರಾದರೂ ಸ್ಪ್ಯಾನರ್ ಕೊಡುತ್ತಾರೆಯೇ ಎಂದು ಹೆಡ್ ಕಾನ್‌ಸ್ಟೇಬಲ್ ರಂಗನಾಯಕ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು.

“ಜೋಡಿಸ್ಬುಟ್ರೆ ಬುಟ್ಬುಡ್ತೀರಾ ಮೇಡಂ?”

“ಮೊದಲು ಜೋಡಿಸಿ ಮಲ್ಲಯ್ಯ.”

ಮೂರು ದಿನದ ಹಿಂದೆ, ಸೋಮವಾರ ಬೆಳಿಗ್ಗೆ, ನರಸೀಪುರದಿಂದ ನಂಜನಗೂಡಿಗೆ ಹೊರಟ ಮದನನ ಕರೆಂಟು ಸೈಕಲ್ಲಿನ ಮುಂದಿನ ಚಕ್ರ ಇಳಿಜಾರಿನಲ್ಲಿ ಕಳಚಿ ಬಿದ್ದಿತ್ತು. ಚಕ್ರ ಕಳಚದಂತೆ ಹಿಡಿಯುವ ಲಾಕ್ ಪಟ್ಟಿ, ಯಾರೋ ತೆಗೆದ ಹಾಗೆ, ಅದರಲ್ಲಿರಲಿಲ್ಲ. ಮದನ್ ಮೈಸೂರಿನ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಆ ಚಕ್ರವನ್ನು ಕೊನೆಯದಾಗಿ ಮುಟ್ಟಿದವನು ಮಲ್ಲಯ್ಯ ಎಂದು ಕವನಳೇ ಅವನನ್ನು ನಿನ್ನೆ ಸಂಜೆ ಹಿಡಿದು ತಂದಿದ್ದಳು. ಇವತ್ತು ಐದು ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಅವನು ಜೈಲಿಗೆ ಹೋದರೆ ಅವನು ದುಡಿಯುವ ನಂಜನಗೂಡಿನ ಫ್ಯಾಕ್ಟರಿಯವರು ಮರುದಿನವೇ ಅವನ ಹೆಸರು ಹೊಡೆದು ಹಾಕುತ್ತಾರೆ. ಗೋಡೆಯ ಗಡಿಯಾರದಲ್ಲಿ ಆಗಲೇ ಮೂರು ಗಂಟೆ.

ಮಲ್ಲಯ್ಯನ ಬೆರಳುಗಳು ತಡವರಿಸಲಿಲ್ಲ. ಚಕ್ರವನ್ನು ಫೋರ್ಕಿಗೆ ಕೂರಿಸಿದ. ಒಂದು ಪಕ್ಕ ಚಿಕ್ಕ ಮೂಗಿನಂತೆ ಬಾಗಿದ್ದ ವಾಷರನ್ನು ತೆಗೆದುಕೊಂಡು, ಆ ಮೂಗು ಫೋರ್ಕಿನ ಸಂದಿಗೆ ಕೂರುವ ಹಾಗೆ ಒತ್ತಿದ. ಆಮೇಲೆ ಪೇಪರಿನ ಮೇಲೆಲ್ಲ ಕೈಯಾಡಿಸಿದ.

“ಲಾಕ್ ಪಟ್ಟಿ ಎಲ್ಲದೆ ಮೇಡಂ?”

“ಇಲ್ಲ ಅಂದುಕೊಳ್ಳಿ. ಮುಂದಕ್ಕೆ ಹೋಗಿ.”

ಮಡ್‌ಗಾರ್ಡಿನ ಕಡ್ಡಿ ಸಿಕ್ಕಿಸಿದ. ಕೊನೆಗೆ ನಟ್ಟು ಹಾಕಿ ಬಿಗಿದ.

“ವಾಷರು ಯಾಕೆ ಮೊದಲು?”

“ಅದ್ರ ಮೂಗು ಸಂದೀಲಿ ಕೂರ್ದಿದ್ರೆ ಮೋಟಾರ್ ಎಳೆಯೋವಾಗ ಆಕ್ಸಲೇ ತಿರುಗ್ಬುಡ್ತದೆ. ಅದ್ರ ಮ್ಯಾಲೆ ಲಾಕ್ ಪಟ್ಟಿ. ಅದು ಆಕ್ಸಲ್ನ ಇಡ್ಕಂಡು ಫೋರ್ಕಿಗೆ ಕಟ್ತದೆ. ಕಡ್ಡಿ ಕೊನೇಗೆ. ಮದನ್ ದಿನಕ್ಕೆ ಅತ್ತು ಸಲ ಇದ್ನೇ ಏಳ್ಕೊಡೋನು ಮೇಡಂ. ನಿದ್ದೇಲಿ ಕೇಳುದ್ರೂ ಬಾಯ್ಪಾಟ ಒಪ್ಸ್ತೀನಿ.”

ಪಕ್ಕದ ಕೋಣೆಯಲ್ಲಿ ಚೀಟಿ ಅಂಟಿಸಿ ಇಟ್ಟಿದ್ದ ನಿಜವಾದ ಚಕ್ರವನ್ನು ಕವನ ಬೆಳಿಗ್ಗೆಯಿಂದ ನಾಲ್ಕು ಸಲ ನೋಡಿದ್ದಳು. ಅದರ ಎಡಗಡೆಯ ನಟ್ಟು ಆಕ್ಸಲ್ ಮೇಲೇ ಉಳಿದಿತ್ತು. ಅಲ್ಲಿ ಕಡ್ಡಿ ಒಳಗಿತ್ತು, ವಾಷರು ಹೊರಗಿತ್ತು. ವಾಷರಿನ ಮೂಗು ಯಾವ ಸಂದಿಗೂ ಸೇರದೆ ಗಾಳಿಗೆ ಮುಖ ಮಾಡಿಕೊಂಡಿತ್ತು.

“ಭಾನುವಾರ ನೀವು ನೋಡಿದಾಗ ಆ ಚಕ್ರದ ಟೈರು ಹೇಗಿತ್ತು?”

“ಸವ್ದು ಬೋಳಾಗಿತ್ತು. ಒಸಾದು ಆಕ್ಸಪ್ಪಾ, ನಾಳೆ ನಂಜನಗೂಡಿಗಂಟ ಓಯ್ತೀಯ ಅಂತ ನಾನೇ ಅಂದೆ.”

ಠಾಣೆಯಲ್ಲಿದ್ದ ಚಕ್ರದ ಟೈರಿನ ಮೇಲೆ ಹೊಸ ರಬ್ಬರಿನ ಕೂದಲು ಕೂಡ ಉದುರಿರಲಿಲ್ಲ.

“ಇದನ್ನ ನಿನ್ನೆ ಯಾಕೆ ಹೇಳಲಿಲ್ಲ?” ಕವನಳ ದನಿ ಅವಳಿಗೇ ಗೊತ್ತಿಲ್ಲದೆ ಏರಿತು.

“ಯಾರು ಕೇಳುದ್ರು ಮೇಡಂ? ಎಲ್ರೂ ಒಂದೇ ಕೇಳ್ತಾವ್ರೆ, ಪಟ್ಟಿ ಯಾಕ್ ತೆಗ್ದೆ, ಪಟ್ಟಿ ಎಲ್ಲಿ ಬಿಸಾಕ್ದೆ ಅಂತ.”

ಕವನಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹಾಗೆ ಕೇಳಿದವರಲ್ಲಿ ಮೊದಲನೆಯವಳು ಅವಳೇ.

ನರಸೀಪುರದ ಸೈಕಲ್ ಬಳಗಕ್ಕೆ ಅದರದೇ ಒಂದು ಕಟ್ಟುಪಾಡಿತ್ತು. ಭಾನುವಾರ ಬೆಳಿಗ್ಗೆ ಚಿಕ್ಕಬಸಪ್ಪನ ಸೈಕಲ್ ಅಂಗಡಿಯ ಮುಂದೆ ಹತ್ತು ಹನ್ನೆರಡು ಜನ ಸೇರುತ್ತಿದ್ದರು. ಫ್ಯಾಕ್ಟರಿಯವರು, ಹಾಲು ಹಾಕುವವರು, ಇಬ್ಬರು ಮೇಷ್ಟರು. ಟೀ ಕುಡಿಯುತ್ತ ಲೋಕದ ಸೈಕಲ್ ಕಷ್ಟವನ್ನೆಲ್ಲ ಅಲ್ಲೇ ಬಗೆಹರಿಸುತ್ತಿದ್ದರು. ಚೈನಿಗೆ ಸುಟ್ಟ ಇಂಜಿನ್ ಆಯಿಲ್ ಬಿಡಬೇಡ, ಹೊಲಿಗೆ ಮೆಷಿನ್ ಎಣ್ಣೆ ಬಿಡು. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬೇಡ. ಮಳೆ ಬಂದರೆ ಮೋಟಾರಿನ ಕಂಟ್ರೋಲರ್ ಡಬ್ಬಿಗೆ ಹಾಲಿನ ಕವರು ಸುತ್ತು. ಮನೆಯಲ್ಲಿ ಕರೆಂಟಿಲ್ಲದಿದ್ದರೆ ಹಿಟ್ಟಿನ ಗಿರಣಿಯಲ್ಲಿ ಚಾರ್ಜಿಗೆ ಹಾಕು, ಗಿರಣಿಯವನಿಗೆ ಒಂದು ಬೀಡಿ ಕಟ್ಟು ಕೊಡು. ಎರಡು ವರ್ಷದ ಹಿಂದೆ, ಎರಡು ಸಾವಿರದ ಏಳರಲ್ಲಿ, ಮದನ್ ಚೀನಾದ ಮೋಟಾರು ಚಕ್ರವೊಂದನ್ನು ತಂದು ತನ್ನ ಹಳೇ ಸೈಕಲ್ಲಿಗೆ ಕಟ್ಟಿದ ಮೇಲಂತೂ ಟೀ ಅಂಗಡಿಯವನ ಅದೃಷ್ಟ ಖುಲಾಯಿಸಿತ್ತು.

ಟೀ ಮುಗಿದ ಮೇಲೆ ತಪಾಸಣೆ. ತನ್ನ ಸೈಕಲ್ಲನ್ನು ತಾನೇ ನೋಡಿಕೊಳ್ಳುವಂತಿಲ್ಲ, ತನ್ನ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲ ಎಂಬುದು ಅವರ ವಾದ. ಒಬ್ಬರದನ್ನು ಇನ್ನೊಬ್ಬರು ನೋಡಿ ಸೀಟಿನ ಕೆಳಗೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಆ ಭಾನುವಾರ ಮದನನ ಸೈಕಲ್ಲಿನ ಮೇಲಿದ್ದದ್ದು ಮಲ್ಲಯ್ಯನ ಗುರುತು.

ಗುರುತೊಂದನ್ನೇ ನಂಬಿ ಕವನ ಅವನನ್ನು ಹಿಡಿದಿರಲಿಲ್ಲ. ಒಬ್ಬರು ಸಾಕ್ಷಿ ಹೇಳಿದ್ದರು. ‘ಮಲ್ಲಯ್ಯ ಸ್ಪ್ಯಾನರ್ ಇಡ್ಕಂಡು ಆ ಮುಂದಲ ಚಕ್ರದ್ ತಾವ ಬಾಳ ಒತ್ತು ಕುಂತಿದ್ದ ಮಗಾ. ಆಮ್ಯಾಕೆ ಅದ್ನ ಇನ್ಯಾರೂ ಮುಟ್ನಿಲ್ಲ’ ಎಂದು. ಆ ಮಾತನ್ನು ಅವಳು ಒರೆಗೆ ಹಚ್ಚಲಿಲ್ಲ. ಹೇಳಿದವರು ಅಂಥವರು.

ಠಾಣೆಯ ಚಕ್ರದಲ್ಲಿ ಕಡ್ಡಿ ಮೊದಲು, ವಾಷರು ಆಮೇಲೆ, ನಟ್ಟು ಕೊನೆಗೆ. ಮೋಟಾರಿಲ್ಲದ ಸಾದಾ ಸೈಕಲ್ಲಿಗೆ ಅದೇ ಸರಿ. ನಲವತ್ತು ವರ್ಷ ಸಾದಾ ಸೈಕಲ್ ಬಿಚ್ಚಿ ಕಟ್ಟಿದ ಕೈ ಮೋಟಾರು ಚಕ್ರಕ್ಕೂ ಹಾಗೆಯೇ ಹಾಕುತ್ತದೆ. ಬಳಗದಲ್ಲಿ ಅಂಥ ಕೈ ಒಂದೇ ಒಂದು.

“ಎಲ್ಲಿಗೆ ಮೇಡಂ? ಜೀಪು ತೆಗೆಸ್ಲಾ?” ಎಂದರು ರಂಗನಾಯಕ.

“ಬೇಡ. ನಡೆದೇ ಹೋಗ್ತೀನಿ. ಯಾರು ಕೇಳಿದರೂ ಊಟಕ್ಕೆ ಹೋಗಿದ್ದಾರೆ ಅನ್ನಿ.”

ಮತ್ತೆ ಬಿಚ್ಚಿಸಿದ ಸಾಮಾನನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಅವಳು ಹೊರಬಂದಾಗ ಠಾಣೆಯ ಕಟ್ಟೆಯ ಮೇಲೆ ಮಲ್ಲಯ್ಯನ ಹೆಂಡತಿ ಮುದ್ದಮ್ಮ ಕೂತಿದ್ದಳು. ಬೆಳಿಗ್ಗೆಯಿಂದ ಕೂತಿದ್ದಾಳೆ. ಅವಳು ಏಳಲಿಲ್ಲ, ಕೈ ಮುಗಿಯಲಿಲ್ಲ, ಕವನಳ ಮುಖವನ್ನು ಮಾತ್ರ ನೋಡಿದಳು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಕವನಳಿಗೆ.

*

ಚಿಕ್ಕಬಸಪ್ಪ ಅಂಗಡಿಯಲ್ಲಿ ಒಬ್ಬರೇ ಇದ್ದರು. ಎಪ್ಪತ್ತರ ಹತ್ತಿರದ ಜೀವ, ಹಣೆಯ ಮೇಲೆ ಅಳಿಸಿಯೂ ಅಳಿಸದ ವಿಭೂತಿ, ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಜಗ್ಗದ ಗ್ರೀಸು.

“ಬಾ ಮಗಾ. ಊಟ ಆಯ್ತಾ? ಮಕ ಯಾಕಂಗೆ ಬತ್ತೋಗದೆ?”

ಈ ದನಿಯನ್ನು ಕವನ ಹದಿನಾರು ವರ್ಷದಿಂದ ಕೇಳುತ್ತ ಬಂದಿದ್ದಳು. ಎಂಟನೇ ಕ್ಲಾಸಿಗೆ ಸೋಸಲೆಯಿಂದ ನರಸೀಪುರಕ್ಕೆ ದಿನವೂ ನಡೆದು ಬರುತ್ತಿದ್ದ ಕೂಲಿಯವರ ಮಗಳನ್ನು ನಿಲ್ಲಿಸಿ, ‘ಇದು ಯಾರ್ಗೂ ಬ್ಯಾಡ್ವಾದ ಸೈಕಲ್, ತಕಂಡೋಗು’ ಎಂದಿದ್ದವರು ಇವರು. ಸೈಕಲ್ ಯಾರಿಗೂ ಬೇಡವಾದದ್ದಲ್ಲ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಆ ಕೇರಿಯ ಹುಡುಗಿಗೆ ಸೈಕಲ್ ಕಲಿಸುತ್ತೀಯಾ ಎಂದು ಅಂಗಡಿ ಮುಂದೆ ನಿಂತು ಕೇಳಿದವರಿಗೆ, ‘ಕಾಲು ಅವಳ್ದು, ನಿಮ್ಗ್ಯಾಕ್ ನೋವು’ ಎಂದು ಅವರು ಉತ್ತರ ಕೊಟ್ಟದ್ದೂ ಗೊತ್ತಾಯಿತು. ಅದೇ ಸೈಕಲ್ಲಿನ ಹಿಂದೆ ತಮ್ಮ ಸಿದ್ದುವನ್ನು ಕೂರಿಸಿಕೊಂಡು ಅವಳು ಶಾಲೆಗೆ ಬಂದಳು, ಕಾಲೇಜಿಗೆ ಬಂದಳು. ಖಾಕಿ ಹಾಕಿದ ದಿನ ಮೊದಲು ಬಂದು ಕಾಲು ಮುಟ್ಟಿದ್ದು ಈ ಅಂಗಡಿಯಲ್ಲೇ.

ಅವಳು ಚೀಲವನ್ನು ಬೆಂಚಿನ ಮೇಲೆ ಸುರಿದಳು.

“ತಾತ, ಇದನ್ನೊಂದು ಸಲ ಜೋಡಿಸಿ ಕೊಡಿ.”

“ಮೋಟಾರ್ ಚಕ್ರ! ಇದ್ರ ಸವಾಸ ನಂಗ್ ಬ್ಯಾಡ ಕಣವ್ವ. ನಿನ್ನ ತಮ್ಮನ್ನ ಕರಿ. ಮದನನ ಮೋಟಾರ್ ಶೆಡ್ಡಲ್ಲಿ ಪಾರ್ಟ್‌ನರ್ರು ಅವ್ನು ತಾನೇ?”

“ನೀವೇ ಜೋಡಿಸಿ. ಫೋರ್ಕಿಗೆ ಕೂರಿಸಿ ನಟ್ಟು ಹಾಕೋದು ಅಷ್ಟೇ.”

ಮುದುಕರು ನಕ್ಕರು. ಕೆಲಸ ಕೈಗೆ ಬಂದರೆ ಬೇಡ ಎನ್ನಲು ಅವರಿಗೆ ಬರುತ್ತಿರಲಿಲ್ಲ. ಫೋರ್ಕನ್ನು ತೊಡೆಗಳ ನಡುವೆ ಒತ್ತಿ ಹಿಡಿದರು. ಚಕ್ರ ಇಳಿಸಿದರು. ಸೈಕಲ್ ಹುಟ್ಟಿದ ಕಾಲದಿಂದ ಈ ಕೆಲಸ ಮಾಡುತ್ತಿದ್ದೇನೆ ಎಂಬಂತೆ ಒಂದು ಠೀವಿ ಅವರ ಕೈಯಲ್ಲಿ. ವಾಷರು ತೆಗೆದುಕೊಳ್ಳಿ ತಾತ, ಮೊದಲು ವಾಷರು ತೆಗೆದುಕೊಳ್ಳಿ ಎಂದು ಕವನಳ ಮನಸ್ಸು ಕೂಗುತ್ತಿತ್ತು.

ಅವರ ಕೈ ಸೀದಾ ಕಡ್ಡಿಗೆ ಹೋಯಿತು. ಕಡ್ಡಿ ಒಳಗೆ. ಆಮೇಲೆ ವಾಷರು, ಮೂಗು ಹೊರಗೆ. ಆಮೇಲೆ ನಟ್ಟು. ಮೂರು ಸುತ್ತು ಬೆರಳಲ್ಲಿ, ಕೊನೆಯ ಸುತ್ತು ಸ್ಪ್ಯಾನರಿನಲ್ಲಿ.

“ತಕೊ,” ಎಂದು ಅವರು ತಲೆಯೆತ್ತಿದರು. ಕವನಳ ಕಣ್ಣಲ್ಲಿ ನೀರು ನೋಡಿದರು. ತಮ್ಮ ಕೈಯಲ್ಲಿದ್ದ ಚಕ್ರವನ್ನು ನೋಡಿದರು. ನಗು ಹಾಗೇ ಇಳಿದುಹೋಯಿತು.

“ಠಾಣೆಯಲ್ಲಿರೋ ಚಕ್ರವೂ ಹೀಗೇ ಇದೆ ತಾತ.”

ಮುದುಕರು ಸ್ಪ್ಯಾನರ್ ಕೆಳಗಿಟ್ಟರು.

“ಮಲ್ಲಯ್ಯ ಆದ ಮೇಲೆ ಯಾರೂ ಮುಟ್ಟಲಿಲ್ಲ ಅಂದಿರಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು ಅಂದಿರಿ. ಟೈರು ಹೊಸದು ಹಾಕಿದ್ದು ಯಾರು?”

“ನಾನೇ.”

“ಯಾವಾಗ?”

“ಬಾನ್ವಾರ ಸಂಜೆ. ದೀಪ ಅಚ್ಚೋ ಒತ್ತು.”

“ಲಾಕ್ ಪಟ್ಟಿ?”

ಚಿಕ್ಕಬಸಪ್ಪ ಎದ್ದು, ಹಳೇ ಟ್ಯೂಬುಗಳ ರಾಶಿಯ ಕೆಳಗೆ ಕೈಹಾಕಿ, ಗೇಣುದ್ದದ ಕಬ್ಬಿಣದ ಪಟ್ಟಿಯೊಂದನ್ನು ತಂದು ಬೆಂಚಿನ ಮೇಲಿಟ್ಟರು. ಕವನ ಅದನ್ನು ಮುಟ್ಟಲಿಲ್ಲ. ಇದಕ್ಕಾಗಿ ಅವಳು ಎರಡು ದಿನ ರಂಗನಾಯಕರ ಜೊತೆ ರಸ್ತೆ ಬದಿಯ ಚರಂಡಿಯನ್ನೆಲ್ಲ ಕೆದಕಿದ್ದಳು.

“ಇದು ಏನ್ಕೆ ಅಂತ ನಂಗೊತ್ತಿರ್ನಿಲ್ಲ ಮಗಾ. ದೇವ್ರಾಣೆ. ಬಾನ್ವಾರ ಅವ್ರು ಮೋಟಾರ್ ವಿಸ್ಯ ಮಾತಾಡುದ್ರೆ ನಾನು ಬೀಡಿ ಸೇದ್ಕಂಡು ಒಳಗ್ ಕೂರ್ತಿದ್ದೆ. ಇದಿಲ್ದಿದ್ರೆ ಚಕ್ರ ಬಿದ್ದೋಯ್ತದೆ ಅಂತ ಗೊತ್ತಾಗಿದ್ದು ಅವ್ನು ಬಿದ್ಮೇಲೆ.”

“ಗೊತ್ತಾಗಲಿಲ್ಲ ಅನ್ನೋದು ತಪ್ಪು. ತಪ್ಪನ್ನ ನಾನು ಕ್ಷಮಿಸ್ತಿದ್ದೆ.” ಕವನ ಆ ಪಟ್ಟಿಯನ್ನೇ ನೋಡುತ್ತ ಅಂದಳು. “ಆದರೆ ಒಬ್ಬ ಬಡಪಾಯಿಯ ಹೆಸರು ಹೇಳಿದಿರಿ. ನಾನು ನಿಮ್ಮ ಮಾತು ನಂಬಿ ಅವನ ಹೆಂಡತಿ ಮಕ್ಕಳ ಮುಂದೆ ಅವನ ಕೈ ಹಿಡಿದು ಜೀಪು ಹತ್ತಿಸಿದೆ. ಇನ್ನೊಬ್ಬರು ಹೇಳಿದ್ದರೆ ಹತ್ತು ಪ್ರಶ್ನೆ ಕೇಳ್ತಿದ್ದೆ. ನಿಮ್ಮನ್ನ ಒಂದೂ ಕೇಳಲಿಲ್ಲ. ಅದು ಗೊತ್ತಿದ್ದೇ ನನ್ನ ಹತ್ರ ಸುಳ್ಳು ಹೇಳಿದಿರಿ ಅಲ್ವಾ?”

“ಊಂ.”

ಇಲ್ಲ ಎನ್ನಬಹುದು ಎಂದು ಅವಳು ಕಾದಿದ್ದಳು. ಆ ಒಂದು ಊಂ ಅವಳನ್ನು ಒಳಗಿನಿಂದ ಕೊಯ್ದಿತು. ಅಪ್ಪ ಸತ್ತಾಗಲೂ ಇಷ್ಟು ಒಂಟಿಯೆನಿಸಿರಲಿಲ್ಲ.

ಅವಳು ಜೇಬಿನಿಂದ ನೋಟ್‌ಬುಕ್ಕು ತೆಗೆದಳು. ಸಿಟ್ಟಿನಲ್ಲಿ ಹಾಳೆ ತಿರುವಿದಳು.

“ಹೇಳಿ. ಎಲ್ಲ ಬರೆದುಕೊಳ್ತೀನಿ. ನಾಲ್ಕೂವರೆಗೆ ಮಲ್ಲಯ್ಯ ಮನೆಗೆ ಹೋಗಬೇಕು.”

“ಬರ್ಕೊ. ಆದ್ರೆ ಪೂರ್ತಿ ಕೇಳ್ಬುಟ್ಟು ಬರ್ಕೊ.” ಚಿಕ್ಕಬಸಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಆ ಸೈಕಲ್ ನನ್ತಾವ್ಕೆ ಮದನ್ ತರ್ನಿಲ್ಲ.”

“ಮತ್ತೆ?”

“ಟೈರ್ ಆಕ್ಬುಟ್ಟು ಈ ಪಟ್ಟಿ ಎಲ್ಗೆ ಸಿಗ್ಸದು ಅಂತ ನಾನು ಕೇಳ್ದೆ. ಅದು ಬ್ಯಾಡ ತಾತ, ಮದನ್ ಬೇರೆ ಮಾಡ್ಸವ್ನೆ, ಬೆಳಿಗ್ಗೆ ಅವ್ನೇ ಆಕ್ಕತನೆ ಅಂದ. ಇದ್ನ ಮಡಗ್ಬುಡು, ಯಾರ್ಗೂ ತೋರುಸ್ಬ್ಯಾಡ ಅಂದ. ನಾನೂ ಮಡಗ್ದೆ.”

“ಯಾರು ತಾತ?”

“ಅವ್ನ ಕಣ್ಣು ಕೆಂಪಗಿತ್ತು ಮಗಾ. ಏನ್ಲಾ ಅಂತ ಕೇಳ್ದೆ. ಈ ಪಟ್ಟಿ ಮಾಡಿದ್ದು ನಾನು, ಎಲ್ಡು ತಿಂಗ್ಳು ಅರ ಆಕಿ ಉಜ್ಜಿ ಉಜ್ಜಿ ಮಾಡ್ದೋನು ನಾನು, ನಾಳೆ ದುಡ್ಡಾಕ್ತೀನಿ ಅಂದಿರೋ ನಂಜನಗೂಡಿನ ಸಾವ್ಕಾರಂಗೆ ತೋರ್ಸೋನು ಅವ್ನು ಒಬ್ನೇ ಅಂದ. ನನ್ನ ಜೊತೇಲೂ ಕರೀನಿಲ್ಲ ತಾತ ಅಂತ ಅತ್ತ.”

ಕವನಳ ಪೆನ್ನು ಹಾಳೆಯ ಮೇಲೆ ನಿಂತೇಬಿಟ್ಟಿತು. ಮದನನ ಶೆಡ್ಡಿನಲ್ಲಿ ಅರ ಹಿಡಿದು ಕಬ್ಬಿಣ ಉಜ್ಜುತ್ತಿದ್ದವನು ಒಬ್ಬನೇ. ಅವನ ಅಂಗೈಯ ಬೊಬ್ಬೆಗೆ ಮುಲಾಮು ಹಚ್ಚಿದವಳು ಅವಳೇ.

“ಸುಳ್ಳು,” ಎಂದಳು.

“ನಿನ್ನ ತಮ್ಮ ಸಿದ್ದು ಕಣವ್ವ ತಂದಿದ್ದು.”

“ಸುಳ್ಳು ಹೇಳ್ತಿದ್ದೀರಿ. ನಿನ್ನೆ ಮಲ್ಲಯ್ಯ, ಇವತ್ತು ಸಿದ್ದು. ನಾಳೆ ಇನ್ಯಾರು? ಒಂದು ಸಲ ಸುಳ್ಳು ಹೇಳಿದವರನ್ನ ನಾನು ಯಾಕೆ ನಂಬಲಿ?”

“ನಂಬಬ್ಯಾಡ. ನಂಬ್ದೇ ಇದ್ರೇ ನಂಗೂ ನೆಮ್ದಿ.” ಮುದುಕರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಮದನ್ ಬಿದ್ದ ದಿನ ಬಂದು ನನ್ನ ಕಾಲ್ ಕಟ್ಕೊಂಡ. ಅಕ್ಕನ್ಗೆ ಗೊತ್ತಾದ್ರೆ ಸತ್ತೋಯ್ತಳೆ ತಾತ ಅಂದ. ನೀನು ಖಾಕಿ ಆಕ್ಕಂಡು ಬಂದು ನನ್ ಕಾಲ್ ಮುಟ್ಟಿದ್ದು ಗ್ಯಾಪ್ಕ ಬಂತು. ನಿನ್ನ ಕೈಲೇ ನಿನ್ನ ತಮ್ಮನ್ಗೆ ಬೇಡಿ ಆಕುಸ್ಲಾ ನಾನು? ಮಲ್ಲಯ್ಯನ ಎಸ್ರು ಬಾಯ್ಗೆ ಬಂತು, ಅಂದ್ಬುಟ್ಟೆ. ನಾಕ್ ದಿನ ಇಟ್ಕಂಡು ಬುಡ್ತರೆ ಅಂದ್ಕಂಡೆ. ಕೊಲೆ ಕೇಸ್ ಆಕ್ತರೆ ಅಂತ ನಂಗೇನ್ ಗೊತ್ತು?”

ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ಕವನಳಿಗೆ ತಿಳಿಯಲಿಲ್ಲ. ತನ್ನ ಮೇಲಿನ ಅಕ್ಕರೆಗೇ ತನಗೆ ಸುಳ್ಳು ಹೇಳಿದ ಈ ಮುದುಕನ ಮೇಲೋ, ಮೂರು ದಿನ ತನ್ನ ಎದುರೇ ಕೂತು, ಊಟ ಬಿಟ್ಟು, ಮದನಾ ಮದನಾ ಎಂದು ಅತ್ತ ತಮ್ಮನ ಮೇಲೋ. ಆ ಅಳು ನೋಡಿ ಕರುಳು ಕಿತ್ತುಬಂದು ಅವಳೇ ಅವನ ತಲೆ ನೇವರಿಸಿದ್ದಳು. ತಲೆ ನೇವರಿಸಿದ ಕೈಯನ್ನು ಈಗ ಏನು ಮಾಡಲಿ ಎಂದುಕೊಂಡಳು.

ಗಡಿಯಾರ ನೋಡಿದಳು. ಮೂರು ಮುಕ್ಕಾಲು. ಬರೆದರೆ ಮಲ್ಲಯ್ಯ ಹೊರಗೆ, ಸಿದ್ದು ಒಳಗೆ. ಬರೆಯದಿದ್ದರೆ ಮುದ್ದಮ್ಮ ಆ ಕಟ್ಟೆಯ ಮೇಲೇ ಕೂತಿರುತ್ತಾಳೆ.

“ನಾನು ಟೈರ್ ಆಕ್ದೆ, ಪಟ್ಟಿ ಮರ್ತೆ ಅಂತ ಬರ್ಕೊ,” ಎಂದರು ಚಿಕ್ಕಬಸಪ್ಪ ಮೆಲ್ಲಗೆ. “ಮಲ್ಲಯ್ಯನೂ ಬಚಾವು, ಅವ್ನೂ ಬಚಾವು. ನಂದೇನು, ಇನ್ನೆಷ್ಟು ದಿನ?”

ಮಾತು ಮುಗಿಯುವ ಮೊದಲೇ ಕವನ ಆಗದು ಎಂದು ತಲೆಯಾಡಿಸಿದಳು. ಒಂದು ಕ್ಷಣ ಆ ಆಸೆ ಬಂದದ್ದು ಮಾತ್ರ ನಿಜ. ಹಾಗೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ನೀವು ಹೇಳಿದ್ದನ್ನೇ ಬರೀತೀನಿ. ಮೊದಲಿಂದ ಹೇಳಿ. ಭಾನುವಾರ ಸಂಜೆ ಎಷ್ಟು ಗಂಟೆಗೆ...” ಅವಳಿಗೆ ಆ ಹೆಸರು ಬಾಯಿಗೆ ಬರಲಿಲ್ಲ.

ಆಗಲೇ ಮೊಬೈಲು ಹೊಡೆದುಕೊಂಡಿತು. ತೆರೆಯ ಮೇಲೆ ಸಿದ್ದುವಿನ ಹೆಸರು.

ಸಿದ್ದು ಎಲ್ಲಿದ್ದಾನೆ ಎಂಬುದು ನೆನಪಾದದ್ದು ಈಗ. ಮದನನ ತಾಯಿ ಮೂರು ದಿನದಿಂದ ನಿದ್ದೆಗೆಟ್ಟಿದ್ದಾರೆ, ಇವತ್ತೊಂದು ದಿನ ನೀನು ಆಸ್ಪತ್ರೆಯಲ್ಲಿ ಕೂತುಕೋ ಎಂದು ಬೆಳಿಗ್ಗೆ ಅವಳೇ ಮೈಸೂರಿನ ಬಸ್ಸು ಹತ್ತಿಸಿದ್ದಳು. ಈಗ ಮದನನ ಮಂಚದ ಪಕ್ಕದಲ್ಲಿ ಅವನೊಬ್ಬನೇ.

“ಅಕ್ಕಾ.” ಸಿದ್ದುವಿನ ದನಿ ಪಿಸುಗುಟ್ಟುತ್ತಿತ್ತು. “ಮದನ್ ಕಣ್ಬುಟ್ಟ ಕಣಕ್ಕ. ನನ್ನೇ ನೋಡ್ತಾವ್ನೆ. ಏನೋ ಅನ್ನಕ್ಕೆ ಬಾಯ್ ಆಡುಸ್ತಾವ್ನೆ.”

“ನರ್ಸ್‌ನ ಕರೆದೆಯಾ?”

“ನನ್ನೇ ನೋಡ್ತಾವ್ನೆ ಅಕ್ಕಾ,” ಎಂದ ಸಿದ್ದು ಮತ್ತೆ.

“ಸಿದ್ದು, ನರ್ಸ್‌ನ ಕರಿ. ಈಗಲೇ ಕರಿ. ಫೋನು ಅವರ ಕೈಗೆ ಕೊಡು.” ದನಿ ಸಹಜವಾಗಿರಲಿ ಎಂದು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ.

ಎದುರು ಕೂತ ಚಿಕ್ಕಬಸಪ್ಪನಿಗೆ ಕೆಮ್ಮು ಬಂತು. ಬೀಡಿ ಸೇದುವವರ ಹಳೇ ಕೆಮ್ಮು. ತಡೆಯಲು ಬಾಯಿಗೆ ಟವೆಲ್ಲು ಒತ್ತಿಕೊಂಡರೂ ಒಂದು ಸದ್ದು ಹೊರಬಿದ್ದೇ ಬಿತ್ತು.

ಫೋನಿನ ಆ ಕಡೆ ಕಬ್ಬಿಣದ ಕುರ್ಚಿಯನ್ನು ನೆಲದ ಮೇಲೆ ಎಳೆದ ಸದ್ದು, ಬಾಗಿಲೊಂದು ಮುಚ್ಚಿದ ಸದ್ದು.

“ತಾತನ ಅಂಗಡೀಲಿದ್ದೀಯಾ ಅಕ್ಕಾ?” ಎಂದು ಕೇಳಿದ ಸಿದ್ದು.